ಇಲ್ಲದ ನಲ್ಲಿಯ ಕಳವು

ಗೋರೆಗಾಂವ್‌ನ ಔಷಧ ಕಾರ್ಖಾನೆಯೊಂದರ ಕಾಲೊನಿಗೆ ಕಂಪ್ಯೂಟರ್ ಬಂದದ್ದು ತೊಂಬತ್ತರ ಸುಮಾರಿಗೆ. ಮ್ಯಾನೇಜರ್ ಸತ್ಯಮೂರ್ತಿಯವರಿಗೇ ಇಲ್ಲದ ಏಸಿ ಕೋಣೆ ಅದಕ್ಕಾಗಿ ಮೊದಲೇ ತಯಾರಾಗಿತ್ತು. ಒಳಗೆ ಹೋಗುವವರು ಚಪ್ಪಲಿ ಬಿಟ್ಟು, ದೇವರ ಮುಂದೆ ನಿಂತವರಂತೆ ಮೆತ್ತಗೆ ಮಾತಾಡಬೇಕು.

ಅದರ ಒಂದು ಪರದೆ, ಒಂದು ಕೀಬೋರ್ಡು ಮಾತ್ರ ಹೊರಗಿನ ಕಿಟಕಿಯಲ್ಲಿ, ಗುಮಾಸ್ತೆ ಸುಮಿತ್ರಾಳ ಮುಂದೆ ಇದ್ದವು. ಕಾಲೊನಿಯ ಜನ ಕಿಟಕಿಗೆ ಬಂದು ತಮ್ಮ ತೊಂದರೆ ಹೇಳಬೇಕು, ಸುಮಿತ್ರಾ ಅದನ್ನು ಕೀಬೋರ್ಡಿನಲ್ಲಿ ಬಡಿದು ಒಳಗೆ ಕಳಿಸಬೇಕು, ಒಳಗಿನಿಂದ ಪ್ಲಂಬರಿಗೋ ಬಡಗಿಗೋ ಹುಕುಂ ಹೊರಡಬೇಕು. ಕೇಳುವುದಕ್ಕೇನೋ ಸಲೀಸು. ಆದರೆ ಜನ ಆಡುವ ಮಾತು ಯಂತ್ರಕ್ಕೆ ಒಗ್ಗುತ್ತಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ರಿಪೇರಿ, ಬದಲಿ, ಸಫಾಯಿ, ಇಷ್ಟೇ. ಈ ಮೂರರಲ್ಲಿ ಒಂದಿಲ್ಲದೆ ಏನು ಬಡಿದರೂ ಕೀಂ ಎಂದು ಪರದೆಯನ್ನು ಒರೆಸಿಕೊಂಡು ಕೂತುಬಿಡುತ್ತಿತ್ತು. ‘ಹೊಸದು’ ಎಂಬುದನ್ನಂತೂ ಅದಕ್ಕೆ ಕಲಿಸಿರಲೇ ಇಲ್ಲ. ಹೊಸದು ಬೇಕೆಂದರೆ ಫೋರ್ಟ್ ಪ್ರದೇಶದಲ್ಲಿದ್ದ ಹೆಡ್ ಆಫೀಸ್ ಒಪ್ಪಬೇಕು. ಹೆಡ್ ಆಫೀಸ್ ಯಾವ ಕಾಲಕ್ಕೂ ಒಪ್ಪಿದ್ದಿಲ್ಲ.

ಹೀಗಾಗಿ ಸುಮಿತ್ರಾ ಜನರ ಮಾತನ್ನು ಸೋಸಿ ಕಳಿಸುವುದನ್ನು ರೂಢಿ ಮಾಡಿಕೊಂಡಳು. ಅತ್ತೆ ಕತ್ತಲಲ್ಲಿ ಮೆಟ್ಟಿಲ ಮೇಲೆ ಬಿದ್ದದ್ದು, ಸೊಸೆಯೇ ತಳ್ಳಿದಳೆಂದು ನಾದಿನಿ ಆಡಿದ್ದು, ಇದೆಲ್ಲ ಕಿಟಕಿಯಿಂದ ಈಚೆಗೇ ಉಳಿಯುತ್ತಿತ್ತು. ಒಳಗೆ ಹೋಗುತ್ತಿದ್ದದ್ದು ‘ಮೆಟ್ಟಿಲ ದೀಪ ರಿಪೇರಿ’. ಅಲ್ಲಿ ಮೊದಲು ದೀಪ ಇತ್ತೋ ಇಲ್ಲವೋ ಯಂತ್ರ ಕೇಳುತ್ತಿರಲಿಲ್ಲ. ಕೆಲಸದವರಲ್ಲಿ ಒಳ್ಳೆಯವರು ಬಾಯಿ ಮುಚ್ಚಿಕೊಂಡು ಹೊಸ ದೀಪ ಹಾಕಿ ಬರುತ್ತಿದ್ದರು. ಸೋಮಾರಿಗಳು ಹುಕುಂ ಚೀಟಿಯ ಮೇಲೆ ‘ವಸ್ತು ನಾಪತ್ತೆ’ ಎಂದು ಬರೆದು ಚಹಾಕ್ಕೆ ಹೋಗುತ್ತಿದ್ದರು. ಆ ಚೀಟಿಗಳು ಹೆಡ್ ಆಫೀಸಿಗೆ ಹೋಗುತ್ತಿದ್ದವು. ಕಂಪ್ಯೂಟರ್ ಬಂದ ಮೇಲೆ ಜನ ಶಿಸ್ತು ಕಲಿತಿದ್ದಾರೆ, ಹೊಸದು ಬೇಕೆಂದು ಒಬ್ಬರೂ ಕೇಳುತ್ತಿಲ್ಲ ಎಂದು ಸತ್ಯಮೂರ್ತಿಯವರು ಮೀಟಿಂಗಿನಲ್ಲಿ ಹೇಳಿಕೊಂಡು ಹಿಗ್ಗುತ್ತಿದ್ದರು.

ಒಂದು ದಿನ ಮೂರನೇ ಮಾಳಿಗೆಯ ಶರಣವ್ವ ಸೊಂಟ ಹಿಡಿದುಕೊಂಡು ಬಂದಳು. ಅವಳ ಮಾಳಿಗೆಯಲ್ಲಿ ನಲ್ಲಿಯಿಲ್ಲ. ಕೆಳಗಿನಿಂದ ಕೊಡ ಹೊತ್ತು ಸೊಂಟ ಉಳಿದಿಲ್ಲ. ಪೈಪು ಮಾತ್ರ ಅವಳ ಬಾಗಿಲ ಪಕ್ಕದಲ್ಲೇ ಹಾದುಹೋಗುತ್ತದೆ, ಮೂತಿಗೆ ಮುಚ್ಚಳ ಬಿಗಿದುಕೊಂಡು. ಸುಮಿತ್ರಾ ಎಂದಿನಂತೆ ಬಡಿದಳು: ‘ನಲ್ಲಿ ರಿಪೇರಿ’.

ಪ್ಲಂಬರ್ ಖಂಡಪ್ಪ ಹೋದ, ನೋಡಿದ, ‘ನಲ್ಲಿ ನಾಪತ್ತೆ’ ಎಂದು ಚೀಟಿಯಲ್ಲಿ ಬರೆದು ಚಹಾಕ್ಕೆ ನಡೆದ. ಅದೇ ವಾರ ಹೆಡ್ ಆಫೀಸಿನಿಂದ ಗದರಿಕೆ ಬಂತು: ನಿಮ್ಮ ಕಾಲೊನಿಯಲ್ಲಿ ಏನೇನೋ ನಾಪತ್ತೆಯಾಗುತ್ತಿದೆ, ಕಳ್ಳ ಯಾರು? ಸತ್ಯಮೂರ್ತಿಯವರಿಗೆ ತಕ್ಷಣ ಒಬ್ಬ ಕಳ್ಳ ಬೇಕಾಯಿತು. ತೀರ ಈಚೆಗೆ ಹೋದದ್ದು ನಲ್ಲಿ. ಆ ಬಿಲ್ಡಿಂಗಿನ ವಾಚ್‌ಮನ್ ವಿಜಾಪುರದ ಹಾಶಿಮ. ನಲ್ಲಿಯನ್ನು ಶನಿವಾರದೊಳಗೆ ತಂದಿಡು, ಇಲ್ಲವಾದರೆ ನೌಕರಿ ಬಿಟ್ಟು ಪೊಲೀಸ್ ಠಾಣೆ ನೋಡು ಎಂದರು.

ಹಾಶಿಮ ಕಿಟಕಿಗೆ ಬಂದು ಸರಳು ಹಿಡಿದು ನಿಂತ. ಅವನ ಹೆಂಡತಿ ರಜಿಯಾ ಬಸುರಿ. ಅವರಿರುವ ಖೋಲಿಯೂ ಈ ನೌಕರಿಯ ಜೊತೆಗೇ ಬಂದದ್ದು.

“ಅಕ್ಕಾರ, ಇಲ್ಲದ ನಳಾ ನಾ ಹ್ಯಾಂಗ ಕದೀಲ್ರಿ? ಕದ್ದಿದ್ರ ತಂದಾದ್ರೂ ಕೊಡತಿದ್ನಿ.”

ಆ ನಲ್ಲಿಯನ್ನು ಹುಟ್ಟಿಸಿದ್ದು ಸುಮಿತ್ರಾಳ ಬೆರಳು. ಅವಳು ನೇರವಾಗಿ ಸತ್ಯಮೂರ್ತಿಯವರ ಕೋಣೆಗೆ ಹೋಗಿ, ಅಲ್ಲಿ ನಲ್ಲಿ ಇರಲೇ ಇಲ್ಲ, ತಾನೇ ಹಾಗೆ ಬಡಿದೆ ಎಂದಳು.

ಅವರು ಕನ್ನಡಕ ತೆಗೆದು ಒರೆಸಿದರು. “ಇಲ್ಲದ ನಲ್ಲಿ ಕೆಡೋದು ಹೇಗೆ ಸುಮಿತ್ರಾ? ಕೆಟ್ಟಿದೆ ಅಂತ ಕಂಪ್ಯೂಟರ್ ಹೇಳ್ತಿದೆ. ಕೆಟ್ಟಿತ್ತು ಅಂದ್ರೆ ಇತ್ತು ಅಂತ ತಾನೆ?”

“ಅದಕ್ಕೆ ಹೇಳಿದ್ದು ನಾನೇ, ಸಾರ್.”

“ನೀವು ಹೇಳಿದ್ದಿರಬಹುದು. ಈಗ ಅದು ಹೇಳ್ತಿದೆಯಲ್ಲ.”

ವಾದ ಮಾಡಿ ಉಪಯೋಗವಿಲ್ಲವೆಂದು ಅವಳಿಗೆ ಹೊಳೆಯಿತು. ಹಾಶಿಮ ನಿರಪರಾಧಿ ಎಂದು ಬಡಿದರೂ ಯಂತ್ರ ಕೀಂ ಎನ್ನುತ್ತದೆ. ನಿಜವನ್ನು ಒಳಗೆ ಬಿಡುವ ಬಾಗಿಲೇ ಅದಕ್ಕಿಲ್ಲ. ಕಿಟಕಿಗೆ ವಾಪಸು ಬಂದು ಕೀಬೋರ್ಡನ್ನು ಎಳೆದುಕೊಂಡಳು. ಆಮೇಲೆ ಬಡಿದಳು: ‘ಸಿಕ್ಕಿದ ನಲ್ಲಿ ಬದಲಿ. ಪತ್ತೆ ಮಾಡಿದವ: ವಾಚ್‌ಮನ್ ಹಾಶಿಮ.’ ಬದಲಿ ಎಂಬ ಮಾತು ಇತ್ತಲ್ಲ, ಯಂತ್ರ ಮಿಕ್ಕದ್ದನ್ನೂ ಸದ್ದಿಲ್ಲದೆ ನುಂಗಿಕೊಂಡಿತು. ಸಿಕ್ಕಿದ್ದು ಬಳಸಲು ಬಾರದ ನಲ್ಲಿ ಎಂದು ತಿಳಿದು ಸ್ಟೋರಿನವರು ಹೊಸದೊಂದನ್ನು ಕೊಟ್ಟರು. ಶುಕ್ರವಾರ ಖಂಡಪ್ಪ ಮೂರನೇ ಮಾಳಿಗೆಯ ಪೈಪಿನ ಮುಚ್ಚಳ ಬಿಚ್ಚಿ ಅದನ್ನು ಜೋಡಿಸಿ ಬಂದ. ಶರಣವ್ವ ಅದಕ್ಕೆ ಅರಿಶಿನ ಹಚ್ಚಿದಳಂತೆ.

ಶನಿವಾರ ಹಾಶಿಮನಿಗೆ ಬುಲಾವ್ ಬಂತು. ಅವನು ಕಲಮಾ ಹೇಳಿಕೊಳ್ಳುತ್ತ ಒಳಗೆ ಹೋದ. ಹೊರಗೆ ಸುಮಿತ್ರಾಳ ಕಿಟಕಿಗೆ ಬಂದಾಗ ಅವನ ಮುಖದಲ್ಲಿ ನಗುವೂ ಇರಲಿಲ್ಲ, ಅಳುವೂ ಇರಲಿಲ್ಲ. ಈ ಕಾಲೊನಿಯಲ್ಲಿ ಕಳೆದುಹೋದ ವಸ್ತು ತಿರುಗಿ ಸಿಕ್ಕಿದ್ದು ಇದೇ ಮೊದಲು ಎಂದು ಸಾಹೇಬರು ಬೆನ್ನು ತಟ್ಟಿದ್ದರು. ವಾಚ್‌ಮನ್ ಕೆಲಸ ಇನ್ನು ಬೇಡ, ಇಷ್ಟು ವರ್ಷ ನಾಪತ್ತೆಯಾದದ್ದನ್ನೆಲ್ಲ ಹುಡುಕುವುದೇ ನಿನ್ನ ಕೆಲಸ ಎಂದಿದ್ದರು. ಮಕ್ಕಳ ಜೋಕಾಲಿ, ಗೇಟಿನ ಬಳಿಯ ಕಲ್ಲು ಬೆಂಚು, ಹಿಂದಿನ ಬಿಲ್ಡಿಂಗಿನ ಮೋರಿ ಮುಚ್ಚಳ. ಒಂದೊಂದೂ ಸುಮಿತ್ರಾಳ ಬೆರಳಲ್ಲಿ ಹುಟ್ಟಿ, ಹುಟ್ಟುವ ಮೊದಲೇ ಕಳವಾದವು.

“ಇವನ್ನೆಲ್ಲ ನಾ ಎಲ್ಲಿ ಹುಡುಕಲ್ರಿ ಅಕ್ಕಾರ?”

“ಹುಡುಕೋಕೆ ಹೋಗ್ಬೇಡಪ್ಪ,” ಎಂದಳು ಸುಮಿತ್ರಾ. “ಯಾರಿಗೆ ಏನು ಬೇಕು ಅಂತ ವಿಚಾರಿಸ್ಕೊಂಡು ಬಾ. ಅದು ಸಿಕ್ತು ಅಂತ ನಾನು ಬಡೀತೀನಿ. ಒಂದೇ ಸಲಕ್ಕೆ ಎಲ್ಲ ಹುಡುಕಿಬಿಡಬೇಡ. ಇನ್ನೂ ಕಳೆದದ್ದು ಇರೋ ತನಕ ನಿನ್ನ ಖೋಲಿಗೆ ಭಯ ಇಲ್ಲ.”

ಹಾಶಿಮ ಕಿಟಕಿಯ ಹತ್ತಿರಕ್ಕೆ ಬಗ್ಗಿದ. ಹಿಂದಿನ ಬಿಲ್ಡಿಂಗಿನ ಹೆಂಗಸರು ಬೆಳಗಿನಿಂದ ತನ್ನ ಬೆನ್ನು ಹತ್ತಿದ್ದಾರೆ, ತಮ್ಮ ಲಿಫ್ಟ್ ಕಳವಾಗಿದೆ ಎನ್ನುತ್ತಿದ್ದಾರೆ ಎಂದು ತಗ್ಗಿದ ದನಿಯಲ್ಲಿ ತಿಳಿಸಿದ.

ಸುಮಿತ್ರಾ ಕೀಬೋರ್ಡಿನ ಮೇಲೆ ಕೈಯಿಟ್ಟು, ತೆಗೆದಳು. ಲಿಫ್ಟಿಗೆ ಸ್ವಲ್ಪ ದಿನ ತಡೆಯಲಿ, ಮೊದಲು ಮೋರಿ ಮುಚ್ಚಳ ಸಿಗಲಿ ಎಂದಳು.