ಬನ್ನಿಯ ಮರುದಿನ ಬಿದ್ದ ಬಲೆ

ಪಂಚಸಾಕ್ಷಿಯೆಂದರೆ ಕಣ್ಣು, ಬಾಯಲ್ಲ ಎಂದು ಮೈಸೂರು ಕಡೆಯ ಇನ್ಸ್‌ಪೆಕ್ಟರು ಬೆಳಿಗ್ಗೆಯಿಂದ ಮೂರು ಸಲ ಹೇಳಿದ್ದರು. ಯಲಬುರ್ಗಾದ ಕೃಷಿ ಇಲಾಖೆಯ ಗುಮಾಸ್ತ ವಿರೂಪಾಕ್ಷಪ್ಪನಿಗೆ ಲಂಚಕೋರನನ್ನು ಹಿಡಿಯುವಲ್ಲಿ ಸಾಕ್ಷಿಯಾಗಿ ಹೋಗುವುದು ಇದೇ ಮೊದಲು.

ಬೇವೂರಿನ ಯಂಕವ್ವನ ಗಂಡ ತೀರಿಕೊಂಡು ಎರಡು ವರ್ಷ. ನಾಲ್ಕೆಕರೆ ಹೊಲ ತನಗಾಗಬೇಕೆಂದು ಮೈದುನ ಅರ್ಜಿ ಹಾಕಿಕೊಂಡು ಕಾದಿದ್ದ. ಪಹಣಿಯಲ್ಲಿ ಅವಳ ಹೆಸರು ಬರೆಯಲು ಗ್ರಾಮ ಲೆಕ್ಕಿಗ ವೆಂಕೋಬ ನೂರು ರೂಪಾಯಿ ಕೇಳಿದ್ದ. ಇನ್ಸ್‌ಪೆಕ್ಟರು ಪೇದೆಯಿಂದ ನೋಟಿಗೆ ಬಿಳಿ ಪುಡಿ ಸವರಿಸಿ ಅವಳ ಸೆರಗಿಗೆ ಕಟ್ಟಿಸಿದರು.

"ಮುಟ್ಟಿದವನ ಕೈ ಸೋಡಾ ನೀರಲ್ಲಿ ಅದ್ದಿದ್ರೆ ಗುಲಾಬಿ ಆಗುತ್ತೆ. ತಪ್ಪಿಸ್ಕೊಳ್ಳೋಕಾಗಲ್ಲ ಕಣ್ರೀ."

ಅಂದು ದಸರೆಯ ಮರುದಿನ. ಈ ಸೀಮೆಯಲ್ಲಿ ಎದುರಾದವರ ಕೈಗೆಲ್ಲ ಬನ್ನಿ ಎಲೆ ಇಟ್ಟು, ಅವರಿಂದ ಪಡೆದ ಮೇಲೆಯೇ ಉಳಿದ ಮಾತು. ಇನ್ಸ್‌ಪೆಕ್ಟರಿಗೆ ಇದು ಗೊತ್ತಿರಲಿಲ್ಲ. ವಿರೂಪಾಕ್ಷಪ್ಪನಿಗೆ ಗೊತ್ತಿತ್ತು; ಆದರೆ ಅವನು ಬಾಯಲ್ಲವಲ್ಲ.

ವೆಂಕೋಬನ ಚಾವಡಿಯ ಮೂಲೆಯಲ್ಲಿ ಅವನು ಕಾಗದಕ್ಕೆ ಬಂದವನಂತೆ ನಿಂತ; ಇನ್ಸ್‌ಪೆಕ್ಟರು ಹೊರಗೆ ಸನ್ನೆಗೆ ಕಾದು ನಿಂತರು.

"ತಂದೀಯೇನವಾ?" ವೆಂಕೋಬ ಕೇಳಿದ.

"ತಂದೀನ್ರಿ." ಯಂಕವ್ವ ಗಂಟು ಬಿಚ್ಚಿದಳು.

ಅಷ್ಟರಲ್ಲಿ ಜವಾನ ಹೈದರಸಾಬ ಅಡ್ಡ ಬಂದ. "ಬನ್ನಿ ತಗೋರಿ ಸಾಹೇಬ್ರ, ಬಂಗಾರದಂಗ ಇರೂಣು."

ವಿರೂಪಾಕ್ಷಪ್ಪ ತಗೊಂಡು, ಕೊಟ್ಟು, ತಲೆಯೆತ್ತಿದಾಗ ಯಂಕವ್ವನ ಕೈ ಬರಿದಾಗಿತ್ತು. ಮೇಜಿನ ಮೇಲೆ ಬನ್ನಿ ಎಲೆಯ ಗುಡ್ಡೆ. ವೆಂಕೋಬ ಎದ್ದು ಹೈದರಸಾಬನಿಗೂ ವಿರೂಪಾಕ್ಷಪ್ಪನಿಗೂ ಬನ್ನಿ ಕೊಟ್ಟ. ಹೇಳಿಕೊಟ್ಟಿದ್ದ ಸನ್ನೆಯಂತೆ ಯಂಕವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಇನ್ಸ್‌ಪೆಕ್ಟರು ನುಗ್ಗಿದರು. ಹಿರಿಯರು ಬಂದರೆಂದು ವಿರೂಪಾಕ್ಷಪ್ಪ ಅಭ್ಯಾಸಬಲದಿಂದ ಅವರ ಕೈಗೂ ನಾಲ್ಕು ಎಲೆ ಇಟ್ಟುಬಿಟ್ಟ.

ನೋಟು ಎಲೆಗಳಡಿ ಸಿಕ್ಕಿತು. ವೆಂಕೋಬನ ಕೈ ಅದ್ದಿಸಿದರೆ ನೀರು ಗುಲಾಬಿ.

"ಬನ್ನಿ ತಂದೀಯೇನ ಅಂತ ಕೇಳ್ದೆ, ಬನ್ನಿ ತಗೊಂಡೆ. ಬೇಕಾದ್ರ ಎಲ್ಲಾರ ಕೈನೂ ನೋಡ್ರಿ."

ಹೈದರಸಾಬನ ಕೈ ಗುಲಾಬಿ. ವಿರೂಪಾಕ್ಷಪ್ಪನದೂ ಗುಲಾಬಿ. ನೀರಿನದೇ ದೋಷವಲ್ಲವೆಂದು ತೋರಿಸಲು ಇನ್ಸ್‌ಪೆಕ್ಟರು ಹೊಸ ಬಟ್ಟಲಿಗೆ ತಮ್ಮ ಕೈ ಹಾಕಿದರು. ಅದೂ ಗುಲಾಬಿ.

"ಸಾಹೇಬ್ರೂ ತಿಂದಾರೇನ್ರಿ?" ಹೈದರಸಾಬ ಮೆಲ್ಲಗೆ ಕೇಳಿದ.

ಇನ್ಸ್‌ಪೆಕ್ಟರು ಸಾಕ್ಷಿಯತ್ತ ತಿರುಗಿದರು. "ಇವನು ನೋಟು ಹಿಡಿದಿದ್ದು ನೋಡಿದ್ರೋ ಇಲ್ವೋ?"

ವಿರೂಪಾಕ್ಷಪ್ಪನ ತಲೆಯೊಳಗೆ ಎಲೆಗಳು, ಕೈಗಳು, ಯಾರದು ಯಾವುದೋ. "ಕಿವಿಲೆ ಕೇಳೀನ್ರಿ. ಹಿಡದದ್ದು... ನೋಡಿಲ್ರಿ."

"ಹಂಗಾರ ನನ್ನ ಹೊಲ?" ಎಂದಳು ಯಂಕವ್ವ.

ಬೆವೆತಿದ್ದ ವೆಂಕೋಬ ಪಹಣಿ ಪುಸ್ತಕ ಎಳೆದುಕೊಂಡ. "ಈಕಿ ಕೆಲಸ ನಾ ಇವತ್ತ ಮಾಡಾಂವಿದ್ದೆ. ನೋಡ್ರಿ, ಬರದಽ ಬಿಟ್ಟೆ."

"ಪುಸ್ತಕ ಮುಟ್ಟಬೇಡ, ಅದು ದಾಖಲೆ," ಎಂದು ಇನ್ಸ್‌ಪೆಕ್ಟರು ಗದರಿದರು.

ಯಂಕವ್ವ ನಡುವೆ ಬಂದು ನಿಂತಳು. "ನಿಲ್ರಿ ಯಪ್ಪಾ. ನನ್ನ ಹೆಸರ ಮುಗೀಲಿ, ಆಮ್ಯಾಲ ಯಾರನ್ನರ ಹಿಡ್ಕೊಂಡು ಹೋಗ್ರಿ."

ವಿರೂಪಾಕ್ಷಪ್ಪ ಮೇಜಿನ ಮೇಲೆ ಬಾಗಿದ. ಎಲೆ ಸರಿಸಿ, ರೆಪ್ಪೆ ಬಡಿಯದೆ, ಒಂದೊಂದೇ ಅಕ್ಷರ ನೋಡಿದ. "ಗಂಡನ ಹೆಸರ ಬಿಟ್ಟೀರಿ, ಹಾಕ್ರಿ. ತಾರೀಖು. ಸಹಿ."

ಆಮೇಲೆ ಇನ್ಸ್‌ಪೆಕ್ಟರತ್ತ ತಿರುಗಿದ.

"ಇದನ್ನ ನೋಡೀನ್ರಿ. ಇದಕ್ಕ ನನ್ನ ಸಾಕ್ಷಿ ಬರ್ಕೋರಿ."