ಸೀರೆ ಮಾರಿದ ದನಿ

ಕೊನೆಯ ಸೆಮಿಸ್ಟರಿನ ಹುಡುಗಿಯರೆಲ್ಲ ಇಂಟರ್ನ್‌ಶಿಪ್ಪಿಗೆಂದು ಹೊರಟುಹೋದ ಮೇಲೆ ಶಿರಸಿಯ ಆ ಹಾಸ್ಟೆಲ್ಲಿನ ಮೇಲಂತಸ್ತಿನಲ್ಲಿ ಉಳಿದವಳು ಕಾವ್ಯಶ್ರೀ ಒಬ್ಬಳೇ. ಕೋಣೆಯಲ್ಲಿ ನಾಲ್ಕು ಮಂಚ. ಮೂರರ ಹಾಸಿಗೆ ಸುತ್ತಿಟ್ಟು ಹಗ್ಗ ಬಿಗಿದಿತ್ತು. ಒಬ್ಬಳಿಗೋಸ್ಕರ ಪಾತ್ರೆ ಏರಿಸಬೇಕಾದ ಅಡುಗೆಯಾಕೆಗೆ ಎಲ್ಲಿಲ್ಲದ ಸಿಟ್ಟು. "ಎಲ್ರಿಗೂ ಒಂದೊಂದು ಊರು ಸಿಕ್ತು. ನಿಂಗೆ ಈ ಶಿರಸಿನೇ ಗತಿಯೇನೇ?" ಎಂದು ಸಾರು ಬಡಿಸುತ್ತ ಕೇಳುವಳು. ಕಾವ್ಯಶ್ರೀ ನಕ್ಕು ತಟ್ಟೆ ಮುಂದಕ್ಕೆ ಒಡ್ಡುವಳು.

ಪತ್ರಿಕೋದ್ಯಮ ವಿಭಾಗದ ನಮಿತಾ ಮೇಡಂ ಟರ್ಮಿನ ಶುರುವಿನಲ್ಲೇ ಬೋರ್ಡಿನ ಮೇಲೆ ಬರೆದು ಹೇಳಿದ್ದರು. ಸಂಸ್ಥೆಯನ್ನು ನೀವೇ ಹುಡುಕಿಕೊಳ್ಳಬೇಕು. ಸೇರುವ ಮೊದಲು ವಿಭಾಗದ ಒಪ್ಪಿಗೆ ಬೇಕು. ಅಲ್ಲಿ ನಿಮ್ಮ ಕೆಲಸ ನೋಡುವ ಒಬ್ಬ ಮೇಲ್ವಿಚಾರಕರು ಇರಬೇಕು. ಮುಗಿಸಿ ಬಂದು ವರದಿ ಒಪ್ಪಿಸಿದರೆ ಕಮಿಟಿ ನಾಲ್ಕು ಕ್ರೆಡಿಟ್ ಕೊಡುತ್ತದೆ. "ಕ್ರೆಡಿಟ್ ಇಲ್ಲ ಅಂದ್ರೆ ಡಿಗ್ರಿ ಇಲ್ಲ. ಆಮೇಲೆ ನನ್ ಹತ್ರ ಬಂದು ಅಳಬೇಡಿ." ಸಮೃದ್ಧಿಗೆ ಬೆಂಗಳೂರಿನ ಟೀವಿ ಚಾನೆಲ್ಲಿನಲ್ಲಿ ಸೋದರಮಾವನಿದ್ದ. ಉಳಿದವರಿಗೂ ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಯಾರೋ ಒಬ್ಬರು. ಯಲ್ಲಾಪುರದಾಚೆ ಮಾಗೋಡಿನ ಕಾವ್ಯಶ್ರೀಗೆ ಇದ್ದವಳು ಅಮ್ಮ ಒಬ್ಬಳು. ಅಮ್ಮನ ಗುರುತಿನವರೆಲ್ಲ ಅವಳು ನಡೆಸುವ ಊರಿನ ಅಂಗನವಾಡಿಗೆ ಮಕ್ಕಳನ್ನು ಬಿಡಲು ಬರುವ ತಾಯಂದಿರು. ಪತ್ರಿಕೆಗಳಿಗೆ ಕಳಿಸಿದ ಇ-ಮೇಲುಗಳಿಗೆ ಉತ್ತರವೇ ಬರಲಿಲ್ಲ.

ಕೊನೆಗೆ ಕರೆದವರು ಕಮಲಾಕರ ಹೆಗಡೆಯವರು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಟೈಲರ್ ಅಂಗಡಿಯ ಮಹಡಿಯ ಮೇಲೆ ಅವರದೊಂದು ರೆಕಾರ್ಡಿಂಗ್ ಕೋಣೆ. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿ, ಬಾಗಿಲಿಗೆ ಹಳೆಯ ಕಂಬಳಿ ಇಳಿಬಿಟ್ಟಿದ್ದರು. ಮೈಕು ಕಟ್ಟಿಕೊಂಡು ಊರೂರು ಸುತ್ತುವ ಪ್ರಚಾರದ ಆಟೋಗಳಿಗೆ ದನಿ ಮುದ್ರಿಸಿ ಕೊಡುವುದು ಅವರ ಕಸುಬು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನಲ್ಲಿ ಅವರ ದನಿ ಕೇಳದ ಮನೆಯಿಲ್ಲ. ಈಗ ಆ ದನಿಗೇ ಪೆಟ್ಟು ಬಿದ್ದಿತ್ತು. ಗಂಟಲಲ್ಲಿ ಗಂಟಾಗಿದೆ, ಮಾತು ನಿಲ್ಲಿಸದಿದ್ದರೆ ಇರುವುದೂ ಹೋಗುತ್ತದೆ ಎಂದು ಡಾಕ್ಟರು ಹೆದರಿಸಿದ್ದರು. ಮನೆಯಿಂದ ಫೋನು ಬಂದಾಗ ಮಾತ್ರ ಕೈ ಅಡ್ಡ ಹಿಡಿದು, ಹವ್ಯಕ ಮನೆಮಾತಿನಲ್ಲಿ "ಆನು ಬತ್ತೆ, ಕಾಯಡ", ಬರುತ್ತೇನೆ ಕಾಯಬೇಡ, ಎಂದು ಪಿಸುಗುಟ್ಟುವರು.

ಅಂಗಡಿಗಳ ಪ್ರಚಾರವೆಲ್ಲ ಕಾವ್ಯಶ್ರೀಯ ಪಾಲಿಗೆ, ಬಿಡುವಿಲ್ಲದ ಕೆಲಸ. ಬೆಳಿಗ್ಗೆ ಕಂಬಳಿ ಸರಿಸಿ ಒಳಗೆ ಹೋದರೆ, "ಬನ್ನಿ ಬನ್ನಿ, ತಡಮಾಡಬೇಡಿ, ಒಂದು ಸೀರೆ ಕೊಂಡರೆ ಇನ್ನೊಂದು ಉಚಿತ!" ಎಂದು ಮೊಟ್ಟೆಯ ಟ್ರೇಗಳಿಗೆ ಹೇಳುವಳು. ಆಮೇಲೆ ಚಪ್ಪಲಿ. ಆಮೇಲೆ ಸ್ಟೀಲ್ ಪಾತ್ರೆ. ಸಂಜೆ ಹಾಸ್ಟೆಲ್ಲಿಗೆ ನಡೆಯುವಾಗ ಪೇಟೆಯ ತಿರುವಿನಲ್ಲಿ ಅವಳದೇ ದನಿ ಆಟೋದ ಮೇಲೆ ಕುಳಿತು ಎದುರಿಗೆ ಬರುವುದು. ಜನ ತಲೆ ಎತ್ತಿ ಕೇಳುವರು. ಪಕ್ಕದಲ್ಲೇ ನಡೆಯುತ್ತಿರುವ ಹುಡುಗಿಯನ್ನು ಯಾರೂ ನೋಡುವುದಿಲ್ಲ. ಕೋಣೆಗೆ ಬಂದು ಬಾಗಿಲು ಹಾಕಿಕೊಂಡರೆ ದಿನವಿಡೀ ಒಬ್ಬ ಮನುಷ್ಯನೊಂದಿಗೂ ನೆಟ್ಟಗೆ ಮಾತಾಡಿಲ್ಲವೆಂದು ನೆನಪಾಗುವುದು. ವಾಟ್ಸಾಪಿನಲ್ಲಿ ಸಮೃದ್ಧಿ ಸ್ಟುಡಿಯೋದ ದೀಪಗಳ ಕೆಳಗೆ ನಿಂತ ಫೋಟೋ ಹಾಕಿರುವಳು. ಕಾವ್ಯಶ್ರೀ ಅದಕ್ಕೊಂದು ಮೆಚ್ಚುಗೆಯ ಹೆಬ್ಬೆಟ್ಟು ಒತ್ತುವಳು. ತನ್ನದೇನು ಹಾಕುವುದು, ಮೊಟ್ಟೆಯ ಟ್ರೇಯೇ?

ಅವಧಿ ಮುಗಿಯುತ್ತ ಬಂದಾಗ ನಮಿತಾ ಮೇಡಂ ಕೆಲಸ ನೋಡಲು ಬಂದರು. ಹೆಡ್‌ಫೋನ್ ಹಾಕಿಕೊಂಡು ಒಂದೊಂದೇ ಕೇಳಿದರು. ತೆಗೆದಿಟ್ಟು ನಿಟ್ಟುಸಿರು ಬಿಟ್ಟರು.

"ದನಿ ಚೆನ್ನಾಗಿದೆ. ಆದ್ರೆ ಸೀರೆ, ಚಪ್ಪಲಿ, ಕುಕ್ಕರು... ಇದನ್ನ ಕಮಿಟಿ ಮುಂದೆ ಹೇಗಿಡ್ಲಿ ಹೇಳು? ಒಪ್ಪಿಗೆ ಕೊಡುವಾಗ್ಲೇ ಮೂಗು ಮುರಿದಿದ್ರು. ಜನಕ್ಕೆ ಉಪಯೋಗ ಆಗೋ ಒಂದು ಕೆಲಸ ತೋರಿಸು. ಒಂದೇ ಸಾಕು. ನಾನೇ ಬಂದು ನೋಡಿ ಬರೀತೀನಿ."

"ಅಂಥದ್ದು ಸಿಗದಿದ್ರೆ, ಮೇಡಂ?"

"ಸಿಗದಿದ್ರೆ ನಾಲ್ಕಕ್ಕೆ ನಾಲ್ಕೂ ಹೋಗ್ತದೆ."

ಕಂಬಳಿಯ ಆಚೆ ನಿಂತಿದ್ದ ಹೆಗಡೆಯವರಿಗೆ ಎಲ್ಲ ಕೇಳಿಸಿತ್ತು. ಮೇಡಂ ಇಳಿದುಹೋದ ಮೇಲೆ ಅವರು ಕೋಣೆಯ ಕುರ್ಚಿಯಲ್ಲಿ ಯೋಚಿಸುತ್ತ ಕುಳಿತರು. ಅವರದೊಂದು ಪದ್ಧತಿಯಿತ್ತು. ಸಾವಿನ ಸುದ್ದಿ, ಹೊಳೆಯ ನೆರೆ, ರೋಗರುಜಿನ, ಇವಕ್ಕೆ ಅವರದೇ ದನಿ. ಆ ದನಿಯಲ್ಲಿ ಒಂದು ದಿನವೂ ಅವರು ಸರಕು ಮಾರಿದವರಲ್ಲ. ವ್ಯಾಪಾರಕ್ಕೆ ಬೇರೆ ಯಾರನ್ನಾದರೂ ಕರೆಸುತ್ತಿದ್ದರು. ಹಬ್ಬದ ಸೀಸನ್ನಿನಲ್ಲಿ ಎಷ್ಟು ಒತ್ತಾಯ ಬಂದರೂ ಆ ಗೆರೆ ದಾಟಿರಲಿಲ್ಲ.

ಆ ವಾರ ಆರೋಗ್ಯ ಇಲಾಖೆಯವರಿಂದ ಒಂದು ಕೆಲಸ ಬಂದಿತ್ತು. ಸಿದ್ದಾಪುರದ ಕಡೆ ಕಾಡಂಚಿನ ಮೇಲಿನಕೊಪ್ಪದಲ್ಲಿ ಮಂಗನ ಕಾಯಿಲೆಯ ಶಿಬಿರ. ಕಾಡಿಗೆ ಹೋಗುವವರಿಗೆ ರೋಗ ಹರಡುವ ಉಣ್ಣೆಹುಳ ಕಚ್ಚದ ಹಾಗೆ ಮೈಗೆ ಹಚ್ಚಿಕೊಳ್ಳುವ ಎಣ್ಣೆ ಕೊಟ್ಟು ತಿಳಿವಳಿಕೆ ಹೇಳುವುದು. ಗಂಟಲು ಕೈಕೊಟ್ಟಿದೆ, ಆಗುವುದಿಲ್ಲವೆಂದು ಹೆಗಡೆಯವರು ವಾಪಸು ಕಳಿಸಿದ್ದರು. ಈಗ ತಾವೇ ಫೋನು ಮಾಡಿ ಮತ್ತೆ ಒಪ್ಪಿಕೊಂಡರು.

"ನೀನೇ ಹೇಳು ತಂಗಿ," ಎಂದು ಪಿಸುಗುಟ್ಟಿದರು.

"ಇದು ನಿಮ್ ದನಿಯ ಕೆಲಸ ಅಲ್ವಾ ಸರ್?"

"ಆ ದನಿ ಎಲ್ಲುಂಟು ಈಗ? ನಿನ್ ಕ್ರೆಡಿಟ್ಟಾದ್ರೂ ಉಳೀಲಿ. ಹೇಳು, ಹೇಳು."

ಕಾವ್ಯಶ್ರೀ ಅಂದು ಮಧ್ಯಾಹ್ನವಿಡೀ ಅದನ್ನೇ ಹೇಳಿದಳು. ತಪ್ಪಿಲ್ಲದೆ, ಇಂಪಾಗಿ, ಕೊನೆಯಲ್ಲಿ "ಎಣ್ಣೆ ಸಂಪೂರ್ಣ ಉಚಿತ, ತಪ್ಪದೇ ಬನ್ನಿ" ಎಂದು ತೂಗಿ ನಿಲ್ಲಿಸಿದಳು. ಶಿಬಿರಕ್ಕೆ ಮುಂಚೆ ಆಟೋ ಮೇಲಿನಕೊಪ್ಪದ ದಾರಿಗಳನ್ನೆಲ್ಲ ಸುತ್ತಿ ಬಂತು.

ಶಿಬಿರದ ದಿನ ಅವಳೂ ಹೆಗಡೆಯವರೂ ಆಟೋದಲ್ಲೇ ಅಲ್ಲಿಗೆ ಹೋದರು. ಶಾಲೆಯ ಜಗುಲಿಯಲ್ಲಿ ಮೇಜು ಹಾಕಿ, ಎಣ್ಣೆಯ ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದರು. ಊರಿನ ಆಶಾ ಕಾರ್ಯಕರ್ತೆ ದೇವಕ್ಕ ಗುಲಾಬಿ ಸೀರೆಯ ಸೆರಗಿನಿಂದ ಬೆವರೊರೆಸಿಕೊಳ್ಳುತ್ತ ಕುಳಿತಿದ್ದಳು. ನಮಿತಾ ಮೇಡಂ ಬಸ್ಸಿನಲ್ಲಿ ಬಂದಿಳಿದು ಬೆಂಚಿನ ತುದಿಯಲ್ಲಿ ಜಾಗ ಹಿಡಿದರು. ಬಿಸಿಲೇರಿತು. ಒಂದು ನಾಯಿ ಬಂದು ಮೇಜಿನ ಕೆಳಗೆ ಮಲಗಿತು. ಬೇರೆ ಯಾರೂ ಬರಲಿಲ್ಲ.

"ಇನ್ನೊಂದ್ಸಲ ಹಾಕಿ," ಎಂದಳು ಕಾವ್ಯಶ್ರೀ. ಆಟೋದ ಮೇಲಿಂದ ಅವಳ ದನಿ ಕಾಡಿನವರೆಗೂ ಹೋಗಿ ಬಂತು. ಆಚೆಯ ದಿಬ್ಬದ ಮನೆಯೊಂದರಲ್ಲಿ ಯಾರೋ ಕದ ಮುಚ್ಚಿದ ಸದ್ದಾಯಿತು.

ದೇವಕ್ಕನಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಮಾರಾಯ್ತಿ, ಆ ದನಿ ನಿಂದೇಯಾ? ಅದು ಸೀರೆ ಮಾರೋ ಹುಡುಗಿ ದನಿ ಅಲ್ವನೇ! ಅದು ಕೇಳಿದ ಕೂಡ್ಲೆ ಗಂಡಸ್ರು ಬಾಗ್ಲು ಹಾಕ್ಕತ್ತಾರೆ, ಎಲ್ಲಿ ಹೆಂಡ್ತಿ ಹೊರಡ್ತಾಳೋ ಅಂತ."

"ಇದು ಎಣ್ಣೆ ದೇವಕ್ಕ. ದುಡ್ಡು ಬೇಡ ಅಂತಾನೇ ಹೇಳಿದ್ನಲ್ಲ."

"ಹೂಂ, ಹೇಳಿದ್ದಿ. ಉಚಿತ ಅಂದ್ರೆ ಮೊದ್ಲು ಒಂದು ಕೊಳ್ಬೇಕು ಅಂತ ಕಲಿಸ್ದವಳೂ ನೀನೇಯ. ತಲೆಗೆ ಹಚ್ಚೋ ಎಣ್ಣೆ ಮಾರೋಕೆ ಬಂದಾರೆ ಅಂತ ಊರ ತುಂಬ ಸುದ್ದಿ." ಆಮೇಲೆ ಅವಳ ಮುಖದ ನಗು ಇಳಿಯಿತು. "ಹೆಗಡೇರ ದನಿ ಬಂದಿದ್ರೆ ಒಲೆ ಮೇಲಿನ ಅನ್ನ ಬಿಟ್ಟು ಓಡಿ ಬರ್ತಿದ್ರು. ಆ ದನಿ ಬಂತು ಅಂದ್ರೆ ಏನೋ ಆಗದೆ ಅಂತಾನೇ ಲೆಕ್ಕ. ಹೋದ ವರ್ಷ ಈ ಜ್ವರಕ್ಕೆ ನಮ್ ಕೇರೀಲಿ ಒಬ್ರು ಹೋಗಾರೆ ಕಣೇ. ಈ ಸಲಾನೂ ಕಾಡಲ್ಲಿ ಮಂಗ ಸಾಯಾಕೆ ಹತ್ತಾವೆ."

ಕಾವ್ಯಶ್ರೀ ಕದ ಮುಚ್ಚಿದ ದಿಬ್ಬದ ಮನೆಯತ್ತ ನೋಡಿದಳು. ಇಷ್ಟು ದಿನ ಯಾರೂ ತನ್ನನ್ನು ಕಂಡಿಲ್ಲವೆಂದು ಕೊರಗಿದ್ದಳು. ಇಲ್ಲಿ ನೋಡಿದರೆ ಊರಿಗೆ ಊರೇ ಅವಳನ್ನು ಗುರುತು ಹಿಡಿದಿತ್ತು, ಹಿಡಿದೇ ಬಾಗಿಲು ಹಾಕಿಕೊಂಡಿತ್ತು.

ಮೇಡಂ ಗಡಿಯಾರ ನೋಡಿಕೊಂಡು ಎದ್ದರು. "ಸೋಮವಾರ ಕಮಿಟಿ ಇದೆ ಕಾವ್ಯಾ. ಕಂಡದ್ದನ್ನ ಕಂಡ ಹಾಗೇ ಬರೀಬೇಕಾಗ್ತದೆ."

ಹೆಗಡೆಯವರು ಆಟೋದಿಂದ ಇಳಿದರು. ಮೈಕಿನ ವೈರು ಸರಿಮಾಡಿ, ಕೆಮ್ಮಿ, ಕೈಗೆತ್ತಿಕೊಂಡರು. "ಎರಡೇ ಮಾತು ತಂಗಿ," ಎಂದರು. ಆ ಎರಡು ಮಾತಿಗೇ ಕುತ್ತಿಗೆಯ ನರ ಉಬ್ಬಿತು. "ಜನ ಬರ್ತಾರೆ. ನಿನ್ ಕೆಲಸ ಆಗ್ತದೆ. ಮೇಡಂ ಇಲ್ಲೇ ಇದ್ದಾರಲ್ಲ, ನೋಡ್ಲಿ."

ಬರುತ್ತಾರೆ ಎನ್ನುವುದರಲ್ಲಿ ಅವಳಿಗೂ ಅನುಮಾನವಿರಲಿಲ್ಲ. ಜಗುಲಿ ತುಂಬುತ್ತದೆ, ಮೇಡಂ ಬರೆದುಕೊಳ್ಳುತ್ತಾರೆ, ನಾಲ್ಕು ಕ್ರೆಡಿಟ್ಟೂ ಸಿಗುತ್ತವೆ. ಜೂನಿನಲ್ಲಿ ಎಲ್ಲರ ಜೊತೆ ತಾನೂ ಅಂಕಪಟ್ಟಿ ಹಿಡಿದು ಮಾಗೋಡಿಗೆ ಹೋಗಬಹುದು. ಅಮ್ಮ ಆಗಲೇ ಅಂಗನವಾಡಿಯ ಮಕ್ಕಳಿಗೆಲ್ಲ "ನಮ್ ಅಕ್ಕ ಡಿಗ್ರಿ" ಎಂದು ಹೇಳಿಕೊಟ್ಟಾಗಿತ್ತು. ಹೆಗಡೆಯವರು ಬಾಯಿ ತೆರೆದರು. ಮೈಕಿನಿಂದ ಹೊರಟದ್ದು ಮಾತಲ್ಲ, ಒಣ ಬಿದಿರು ಸೀಳಿದ ಸದ್ದು.

ಕಾವ್ಯಶ್ರೀ ವೈರು ಕಿತ್ತಳು.

"ಎಂತ ಮಾಡ್ದೆ ಹುಡುಗಿ?"

"ಬೇಡ ಸರ್. ಡಾಕ್ಟ್ರು ಹೇಳಿದ್ದು ಮರ್ತ್ರಾ?"

"ನಿನ್ ಕ್ರೆಡಿಟ್ಟು?"

ಅವಳು ಮೈಕನ್ನು ಅವರ ಕೈಯಿಂದ ಬಿಡಿಸಿ ಸೀಟಿನ ಕೆಳಗೆ ತುರುಕಿದಳು. ಮೇಡಂ ಕಡೆಗೆ ತಿರುಗಿ, "ಬರ್ಕೊಳ್ಳಿ ಮೇಡಂ, ಯಾರೂ ಬರ್ಲಿಲ್ಲ ಅಂತ," ಎಂದಳು. ಹೇಳುವಾಗ ದನಿ ಒಡೆಯಿತು. ಮೊಟ್ಟೆಯ ಟ್ರೇಗಳ ಮುಂದೆ ಅದು ಒಮ್ಮೆಯೂ ಒಡೆದಿರಲಿಲ್ಲ.

ಸೋಮವಾರ ಕಮಿಟಿ ಎರಡು ಕ್ರೆಡಿಟ್ ಕೊಟ್ಟಿತು. ದನಿ ಮುದ್ರಿಸಿದ ಕೆಲಸಕ್ಕೆ ಎರಡು; ಜನರಿಗೆ ತಲುಪದ ಕೆಲಸಕ್ಕೆ ಸೊನ್ನೆ. ಉಳಿದೆರಡಕ್ಕೆ ರಜೆಯಲ್ಲಿ ಮತ್ತೊಂದು ಇಂಟರ್ನ್‌ಶಿಪ್ ಮಾಡಬೇಕು, ಫಲಿತಾಂಶ ಅಲ್ಲಿಯವರೆಗೆ ತಡೆಹಿಡಿಯುತ್ತಾರೆ. ಮೇಡಂ ಕಾರಿಡಾರಿನಲ್ಲಿ ನಿಲ್ಲಿಸಿ ಹೇಳಿದರು. "ನಾನು ವಾದ ಮಾಡ್ದೆ. ಎರಡಕ್ಕಿಂತ ಹೆಚ್ಚು ಆಗ್ಲಿಲ್ಲ. ಎಲ್ಲಿ ಮಾಡ್ತೀಯ ಹೇಳು, ಈ ಸಲ ಮೊದ್ಲೇ ಯೋಚಿಸಿ ಒಪ್ಪಿಗೆ ಕೊಡೋಣ."

"ಮೇಲಿನಕೊಪ್ಪದಲ್ಲೇ, ಮೇಡಂ. ದೇವಕ್ಕನ ಜೊತೆ. ಮೈಕು ಬೇಡ."

ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಅದು ಮಾಧ್ಯಮ ಸಂಸ್ಥೆ ಅಲ್ವಲ್ಲೇ?"

"ಇಲಾಖೆಯ ಪ್ರಚಾರ ವಿಭಾಗ ಅಂತ ಬರೀಬಹುದಂತೆ. ಕೇಳಿದೀನಿ. ಅವರೇ ಮೇಲ್ವಿಚಾರಕರನ್ನ ಕೊಡ್ತಾರಂತೆ."

ಮೇಡಂ ಮೊದಲ ಬಾರಿಗೆ ನಕ್ಕರು. "ಕೊನೆಗೂ ನಿಯಮ ಓದಿದೆ ನೀನು."

ಏಪ್ರಿಲ್ಲಿನಲ್ಲಿ ಸಮೃದ್ಧಿ ಮತ್ತೆಲ್ಲರೂ ಬಂದು ಹಾಸಿಗೆಯ ಹಗ್ಗ ಬಿಚ್ಚಿ, ಒಂದು ವಾರ ಗಲಾಟೆ ಮಾಡಿ, ಪರೀಕ್ಷೆ ಬರೆದು, ಸಾಮಾನು ಕಟ್ಟಿ ಹೊರಟರು. ಬೀಳ್ಕೊಡುವ ದಿನ ತೆಗೆದ ಫೋಟೋದಲ್ಲಿ ಕಾವ್ಯಶ್ರೀಯೂ ಇದ್ದಾಳೆ, ತುದಿಯಲ್ಲಿ. ಮಾರನೆಯ ಬೆಳಿಗ್ಗೆ ಅವಳು ಸಿದ್ದಾಪುರದ ಬಸ್ಸು ಹತ್ತಿದಳು. ಅಮ್ಮನಿಗೆ ಫೋನಿನಲ್ಲಿ, "ಸ್ವಲ್ಪ ಕೆಲಸ ಉಳಿದದೆ," ಎಂದಷ್ಟೇ ಹೇಳಿದಳು. "ಉಂಡ್ಯಾ?" ಎಂದಳು ಅಮ್ಮ.

ಮೇಲಿನಕೊಪ್ಪದಲ್ಲಿ ದೇವಕ್ಕ ಅವಳ ಚೀಲಕ್ಕೆ ಬಾಟಲಿ ತುಂಬಿಸಿ, "ನಾನು ಹೊಳೆ ಆಚೆ ಹೋಗ್ತಿ, ನೀನು ಈಚೆ ದಿಬ್ಬ ಹಿಡಿ. ಇಬ್ರೂ ಒಟ್ಟಿಗೆ ಹೋದ್ರೆ ಮಳೆಗಾಲ ಬಂದ್ರೂ ಮುಗ್ಯೂದಿಲ್ಲ," ಎಂದು ನಡೆದುಬಿಟ್ಟಳು.

ಮೊದಲ ಮನೆಯ ಅಂಗಳದಲ್ಲಿ ಒಬ್ಬ ಮುದುಕಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಕಾವ್ಯಶ್ರೀ ಎದುರಿಗೆ ನಿಂತಳು. 'ಬನ್ನಿ' ಎನ್ನದೆ ಮಾತು ಶುರುಮಾಡುವುದು ಹೇಗೆಂದು ನಾಲಿಗೆಗೆ ತಿಳಿಯಲಿಲ್ಲ.

"ಅಮ್ಮಾ... ಮನೇಲಿ ಯಾರಾದ್ರೂ ಕಾಡಿಗೆ ಹೋಗ್ತಾರಾ?"

ಮುದುಕಿ ತಲೆ ಎತ್ತದೆಯೇ ಕಿವಿ ನಿಮಿರಿಸಿದಳು. "ಈ ದನಿ ಗೊತ್ತು ನಂಗೆ. ಸೀರೆ ತಂದ್ಯನೇ?"

"ಇಲ್ಲಮ್ಮ. ಸೀರೆ ಮಾರಿದ್ದು ನಾನೇ, ಹೌದು. ಇದು ಬೇರೆ."

"ಬೇರೆ ಅಂದ್ರೆ ಎಂತ?"

ಕಾವ್ಯಶ್ರೀ ಚಪ್ಪಲಿ ಬಿಟ್ಟು ಜಗುಲಿಯ ಕೆಳಗೆ ಕುಳಿತಳು. ಉಣ್ಣೆಯ ಬಗ್ಗೆ, ಸತ್ತ ಮಂಗನ ಬಗ್ಗೆ, ಜ್ವರದ ಬಗ್ಗೆ ಹೇಳಿದಳು. ನಡುನಡುವೆ ತಡವರಿಸಿದಳು. ಮುದುಕಿ ಕೇಳಿದ ಪ್ರಶ್ನೆಯೊಂದಕ್ಕೆ "ಗೊತ್ತಿಲ್ಲ, ದೇವಕ್ಕನ್ನ ಕೇಳಿ ಬರ್ತೆ" ಎಂದಳು. ಮಗ ದಿನಾ ದರಕು ಗುಡಿಸಲು ಕಾಡಿಗೆ ಹೋಗುತ್ತಾನೆ, ಒಣ ಎಲೆಯಿಲ್ಲದೆ ಕೊಟ್ಟಿಗೆ ನಡೆಯುವುದಿಲ್ಲ ಎಂದು ಮುದುಕಿ ಹೇಳಿಕೊಂಡಳು. ಆಮೇಲೆ ಹುಣಸೆಯ ಅಂಟು ಕೈ ಒರೆಸಿ, ಕಾಲು ಚಾಚಿದಳು. "ಹೆಂಗೆ ಹಚ್ಚೂದು, ನಂಗೇ ಹಚ್ಚಿ ತೋರ್ಸು. ಅವ ಬಂದ್ರೆ ಹೇಳ್ಬೇಕಲ್ಲ."

ಕಾವ್ಯಶ್ರೀ ಅಂಗೈಗೆ ಎಣ್ಣೆ ಸುರಿದುಕೊಂಡು ಆ ಬಿರುಕುಗಾಲಿಗೆ ಹಚ್ಚತೊಡಗಿದಳು. ಮನುಷ್ಯರ ಮೈಯನ್ನು ಮುಟ್ಟಿ ಎಷ್ಟು ಕಾಲವಾಯಿತೆಂದು ಅವಳ ಕೈಗೆ ಆಗ ನೆನಪಾಯಿತು. ಹಚ್ಚಿ ಮುಗಿದ ಮೇಲೂ ಒಂದು ಗಳಿಗೆ ಕೈ ಅಲ್ಲೇ ಉಳಿಯಿತು. ಮುದುಕಿ ಕಾಲನ್ನು ಹಿಂದಕ್ಕೆಳೆದುಕೊಳ್ಳಲಿಲ್ಲ.

ಏಳುವಾಗ, "ಮುಂದಿನ ಮನೆ ಎಲ್ಲಿ ಬರ್ತದೆ ಅಮ್ಮ?" ಎಂದು ಕೇಳಿದಳು.

"ಆ ಎತ್ತರದ ಮಣ್ಣಿನ ದರೆ ಹತ್ತಿ ಆಚೆ ಇಳೀಬೇಕು. ಇಲ್ಲಿಂದ ಕೂಗಿದ್ರೆ ಕೇಳೂದಿಲ್ಲ."

ಕಾವ್ಯಶ್ರೀ ಚೀಲ ಹೆಗಲಿಗೇರಿಸಿ ದರೆ ಹತ್ತಿದಳು.