ಎಫ್ರೇನನ ಬೆನ್ನಿನ ಚೀಲ

ಕಾರು ತೊಳೆಯಲು ನಿಂತವನು ಮೊದಲು ಬೆನ್ನ ಮೇಲಿನ ಚೀಲ ಇಳಿಸುತ್ತಾನೆ. ಎಫ್ರೇನ್ ಇಳಿಸಲಿಲ್ಲ. ಬೆಳಿಗ್ಗೆ ಒಂಬತ್ತರಿಂದ ನಾನು ನೋಡುತ್ತಿದ್ದುದು ಅದೊಂದನ್ನೇ.

ಬುಧವಾರ ಮಧ್ಯಾಹ್ನ ಅವನ ಅಣ್ಣ ನೋಯೆಯನ್ನು ಬಸ್ ಸ್ಟಾಪಿನಲ್ಲಿ ಗುಂಡಿಕ್ಕಿ ಕೊಂದಿದ್ದರು. ಇಪ್ಪತ್ತು ವರ್ಷದ ಹುಡುಗ. ನಮ್ಮ ಈಸ್ಟ್ ಲಾಸ್ ಏಂಜಲೀಸಿನಲ್ಲಿ ಹೀಗೆ ಯಾರಾದರೂ ಹೋದರೆ ಮಣ್ಣಿನ ಖರ್ಚಿಗೆಂದು ಬೀದಿಯವರೆಲ್ಲ ಸೇರಿ ಕಾರು ತೊಳೆದು ಹಣ ಕೂಡಿಸುತ್ತಾರೆ. ಹುಡುಗರು ಸತ್ತವನ ಮುಖ ಅಚ್ಚು ಹಾಕಿಸಿದ ಟೀ ಶರ್ಟು ತೊಟ್ಟು ಉಜ್ಜುತ್ತಾರೆ, ಹೆಂಗಸರು ಜೋಳದ ಹಿಟ್ಟಿನ ತಮಾಲೆ ಬೇಯಿಸಿ ಮಾರುತ್ತಾರೆ, ನಿನ್ನೆ ತಾನೇ ತೊಳೆಸಿದ ಕಾರನ್ನೂ ಜನ ತಂದು ಸಾಲಿನಲ್ಲಿ ನಿಲ್ಲಿಸುತ್ತಾರೆ. ಈ ಶನಿವಾರ ಟೈರ್ ಅಂಗಡಿಯ ಅಂಗಳದಲ್ಲಿ ನೋಯೆಯ ಸರದಿ.

ಹುಡುಗರನ್ನು ಕಾಯುವುದು ನನ್ನ ಕೆಲಸ. ಸಮುದಾಯ ಕೇಂದ್ರದವರು ಅದಕ್ಕೆ ಉದ್ದನೆಯ ಹೆಸರಿಟ್ಟಿದ್ದಾರೆ. ಬೀದಿಗೆ ನಾನು ಬರೀ ಕೂಕಾ ಚಿಕ್ಕಮ್ಮ. ಗುಂಪು ಸೇರಿ ಹಾಳಾಗಲು ಹೊರಟವರ ಬೆನ್ನು ಬಿಡದೆ, ಬೆಳಿಗ್ಗೆ ತಿಂಡಿ ಹಾಕಿ ಶಾಲೆಗೆ ಅಟ್ಟುತ್ತೇನೆ. ಒಬ್ಬ ಸತ್ತರೆ, ಅವನ ಹೆಸರಲ್ಲಿ ಇನ್ನೊಬ್ಬ ಸಾಯದಂತೆ ಅಡ್ಡ ನಿಲ್ಲುತ್ತೇನೆ. ಹದಿನೇಳರ ಎಫ್ರೇನ್ ಎರಡು ವರ್ಷದಿಂದ ನನ್ನ ಅಡುಗೆಮನೆಯ ಮೊಟ್ಟೆ ತಿಂದವನು. ಅವನ ಶಾಲೆಯ ಗೇಟಿನ ಕಾವಲುಗಾರ ದಿನಾ ಬೆಳಿಗ್ಗೆ ನಮ್ಮ ಹುಡುಗರ ಚೀಲವನ್ನಷ್ಟೇ ಬಿಚ್ಚಿಸುತ್ತಾನೆಂದು ತಿಳಿದು, ನಾನೇ ಹೋಗಿ ಜಗಳ ತೆಗೆದಿದ್ದೆ. "ಚೀಲ ನೋಡ್ಬೇಡ, ಮುಖ ನೋಡು!" ಎಂದು ಗೇಟಿನಲ್ಲೇ ಕೂಗಾಡಿದ್ದೆ.

ಆದರೆ ಗುರುವಾರ ಅವನ ತಾಯಿ ಸಿಲ್ವೇರಿಯಾ ಫೋನಿನಲ್ಲಿ ಪಿಸುಗುಟ್ಟಿದ್ದಳು. ನೋಯೆ ಮಂಚದ ಕೆಳಗೆ ಬಚ್ಚಿಟ್ಟಿದ್ದ ಪಿಸ್ತೂಲು ಕಾಣುತ್ತಿಲ್ಲವಂತೆ. ಎಫ್ರೇನನನ್ನು ಕೇಳುವ ಧೈರ್ಯ ಅವಳಿಗಿರಲಿಲ್ಲ. ನನಗೂ ಇರಲಿಲ್ಲ. ಕೇಳಿದರೆ ಸುಳ್ಳು ಹೇಳುತ್ತಾನೆ, ಸುಳ್ಳು ಹೇಳಿದವನು ಮತ್ತೆ ನನ್ನ ಮನೆಗೆ ಬರುವುದಿಲ್ಲ. ಪೊಲೀಸರಿಗೆ ಹೇಳಿದರೆ ಬೀದಿಯ ಯಾವ ಹುಡುಗನೂ ಬರುವುದಿಲ್ಲ.

ಮೂರು ದಿನದಿಂದ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ. ಗ್ವಾದಲೂಪೆ ಮಾತೆಯ ಮೇಲೆ ಕೆಂಡದಂಥ ಸಿಟ್ಟು. ದಿನಾ ಸಂಜೆ ಅಡುಗೆಮನೆಯ ಮೂಲೆಯಲ್ಲಿ ಅವಳ ಪಟದ ಮುಂದೆ ಮೇಣದಬತ್ತಿ ಹಚ್ಚಿ, ಅಣ್ಣ ತಮ್ಮ ಇಬ್ಬರನ್ನೂ ಕಾಪಾಡು ತಾಯಿ ಎಂದು ಬೇಡಿದ್ದೆ. ಒಬ್ಬನನ್ನು ಕೈಬಿಟ್ಟಳು. ಬುಧವಾರದಿಂದ ನಾನು ಬತ್ತಿಯ ಡಬ್ಬಿ ಮುಟ್ಟಿರಲಿಲ್ಲ. ಕತ್ತಲಲ್ಲೇ ಕೂತಿರಲಿ, ಅವಳಿಗೂ ಗೊತ್ತಾಗಲಿ ಅಂತ.

"ಚೀಲ ಇಳಿಸೋ, ಬೆನ್ನು ಬೆಂದು ಹೋಗುತ್ತೆ," ಅಂದೆ.

"ಪರವಾಗಿಲ್ಲ ಚಿಕ್ಕಮ್ಮ."

"ಕೊಡು ಇಲ್ಲಿ, ನನ್ನ ಕುರ್ಚಿ ಮೇಲಿರ್ಲಿ."

"ಬೇಡ. ಒದ್ದೆ ಆಗುತ್ತೆ."

ಏನು ಒದ್ದೆಯಾಗುತ್ತದೆ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಪಕ್ಕದಲ್ಲಿ ಚಕ್ರ ಉಜ್ಜುತ್ತಿದ್ದ ಟೀನೋನ ಬಾಯಿಗೆ ಬೀಗವಿಲ್ಲ. "ಏನೋ ಎಫ್ರೇನ್, ಸೇಡು ತೀರಿಸೋಕೆ ರೈಲು ಹಳಿ ಆಚೆ ಯಾವಾಗ ಹೋಗೋದು? ಹೀಗೆ ಸೋಪು ತಿಕ್ತಾ ಕೂತ್ರೆ ಅಣ್ಣ ಎದ್ದು ಬರ್ತಾನಾ?"

"ಆ ಸೋಪು ನಿನ್ನ ನಾಲಿಗೆಗೂ ಸ್ವಲ್ಪ ಹಾಕ್ಕೊಂಡು ತಿಕ್ಕೋ," ಎಂದು ಗದರಿದೆ. ಹೆಂಗಸರು ನಕ್ಕರು. ಎಫ್ರೇನ್ ನಗಲಿಲ್ಲ. ಟೈರ್ ಅಂಗಡಿಯ ಗೋಡೆ ಗಡಿಯಾರ ನೋಡಿದ. ಹತ್ತು ನಿಮಿಷಕ್ಕೊಮ್ಮೆ ನೋಡುತ್ತಲೇ ಇದ್ದ. ಯಾರಿಗಾಗಿ ಕಾಯುತ್ತಿದ್ದಾನೋ ಎಂದು ನಾನೂ ರಸ್ತೆಯ ಕಡೆ ನೋಡತೊಡಗಿದೆ.

ಹನ್ನೆರಡೂವರೆಗೆ ಸಾಲಿನ ಕೊನೆಗೆ ನೀಲಿ ಬಣ್ಣದ ಹಳೆಯ ಪಿಕಪ್ ಬಂದು ನಿಂತಿತು. ಹಿಂದೆ ಹುಲ್ಲು ಕತ್ತರಿಸುವ ಯಂತ್ರ. ಹಳಿಯಾಚೆಯ ತೋಟಗಾರ ಎವಾರಿಸ್ತೋ ತಾತನ ಗಾಡಿ. ಗುಂಡು ಹಾರಿಸಿದ್ದು ಅವನ ಮೊಮ್ಮಗನೇ ಎಂದು ಬೀದಿಯೆಲ್ಲ ಹೇಳುತ್ತಿತ್ತು. ಆ ಹುಡುಗ ಬುಧವಾರದಿಂದ ನಾಪತ್ತೆ. ನೀರಿನ ಪೈಪು ಹಿಡಿದವನು ಹಿಡಿದ ಹಾಗೇ ನಿಂತುಬಿಟ್ಟ.

ಓಡಿ ಹೋಗಿ ಗಾಡಿಯ ಬಾಗಿಲು ಬಡಿದೆ. "ನಿಮಗೇನು ತಲೆ ಕೆಟ್ಟಿದೆಯಾ? ತಿರುಗಿಸ್ಕೊಂಡು ಹೋಗಿ ಮೊದ್ಲು!"

ಮುದುಕ ಸ್ಟೀರಿಂಗ್ ಬಿಡಲಿಲ್ಲ. "ನೋಯೆ ಚಿಕ್ಕವನಿದ್ದಾಗ ಇದೇ ಗಾಡೀಲಿ ನನ್ನ ಜೊತೆ ಕೆಲಸಕ್ಕೆ ಬರ್ತಿದ್ದನಮ್ಮ. ಊರೆಲ್ಲ ಸಾಲಲ್ಲಿ ನಿಂತಿರೋವಾಗ ನಾನು ಮನೇಲಿ ಹೇಗೆ ಕೂರ್ಲಿ?"

ತಿರುಗಿ ನೋಡಿದರೆ ಎಫ್ರೇನ್ ನಮ್ಮ ಕಡೆಗೇ ಬರುತ್ತಿದ್ದ. ಒಂದು ಕೈಯಲ್ಲಿ ಒದ್ದೆ ಬಟ್ಟೆ. ಇನ್ನೊಂದು ಕೈ ಚೀಲದ ಪಟ್ಟಿಯನ್ನು ಹೆಗಲಿಂದ ಮುಂದಕ್ಕೆ ಎಳೆಯುತ್ತಿತ್ತು. ನನ್ನ ಬುದ್ಧಿ ಅಲ್ಲಿಗೇ ನಿಂತುಹೋಯಿತು. ಹಾರಿ ಚೀಲಕ್ಕೆ ಕೈ ಹಾಕಿದೆ.

"ಬೇಡ ಕಣೋ! ಕೊಡು! ಪಿಸ್ತೂಲು ಕೊಡು ನಂಗೆ!"

ಇಡೀ ಬೀದಿಗೆ ಕೇಳಿಸಿತು. ಎಳೆದಾಟದಲ್ಲಿ ಜಿಪ್ಪು ಕಿತ್ತು ಬಂತು. ಪಾಲಿಶ್ ಮಾಡಿದ ಒಂದು ಜೊತೆ ಕಪ್ಪು ಬೂಟು ಬಿತ್ತು, ಒಂದು ಟೈ ಬಿತ್ತು, ನೀಟಾಗಿ ಮಡಿಸಿದ ಬಿಳಿ ಅಂಗಿ ಕೊಳೆನೀರಿನ ನೊರೆಯೊಳಗೆ ಬಿತ್ತು.

ಟೀನೋ ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟ.

"ಅಣ್ಣಂಗೆ ಹಾಕೋಕೆ," ಎಂದ ಎಫ್ರೇನ್. "ಪೆಟ್ಟಿಗೇಲಿ ಮಲಗಿಸೋವ್ರು ಎರಡು ಗಂಟೆ ಒಳಗೆ ತಂದ್ಕೊಡಿ ಅಂದಿದ್ರು. ಅಮ್ಮ ಬೆಳಿಗ್ಗೆ ಇಸ್ತ್ರಿ ಮಾಡಿದ್ಲು. ಕೆಳಗಿಟ್ರೆ ನೀರು ತಾಗುತ್ತೆ ಅಂತ ಇಳಿಸ್ಲಿಲ್ಲ."

"ಮತ್ತೆ... ಅದೆಲ್ಲಿ?" ಎಂದು ಕೇಳಿಯೇಬಿಟ್ಟೆ. ನಾಚಿಕೆಗೇಡಿ ನಾನು. ಆಗಲೂ ನನ್ನ ಸಂಶಯ ಸತ್ತಿರಲಿಲ್ಲ.

ಗುರುತೇ ಇಲ್ಲದವಳನ್ನು ನೋಡುವಂತೆ ಅವನು ನನ್ನನ್ನು ನೋಡಿದ. ಹತ್ತಿರ ಬಂದು, ಬೇರೆ ಯಾರಿಗೂ ಕೇಳಿಸದಂತೆ ಹೇಳಿದ.

"ಗುರುವಾರ ತಿಂಡಿಗೆ ಬಂದಾಗ್ಲೇ ನಿನ್ನ ಮೇಣದಬತ್ತಿ ಡಬ್ಬೀಲಿ ಇಟ್ಟೆ. ನನ್ನ ಹತ್ರ ಇದ್ರೆ ಹಳಿ ದಾಟಿಬಿಡ್ತೀನಿ ಅಂತ ಭಯ ಆಯ್ತು. ಸಂಜೆ ಬತ್ತಿ ತಗೊಳ್ಳೋವಾಗ ನೋಡ್ತೀಯ ಅಂದ್ಕೊಂಡೆ. ಶುಕ್ರವಾರ ಬಂದ್ರೆ ನೀನು ಒಂದು ಮಾತೂ ಕೇಳ್ಲಿಲ್ಲ, ಸುಮ್ನೆ ಮೊಟ್ಟೆ ಹಾಕ್ಕೊಟ್ಟೆ. ನಮ್ಮ ಚಿಕ್ಕಮ್ಮಂದು ಎಷ್ಟು ದೊಡ್ಡ ಮನಸ್ಸು ಅಂದ್ಕೊಂಡಿದ್ದೆ."

ಅಷ್ಟು ಹೇಳಿ ಬೂಟು, ಟೈ ಎತ್ತಿ ಕುರ್ಚಿಯ ಮೇಲಿಟ್ಟ. "ನೋಡ್ತಾ ನಿಂತ್ರೇನು? ತೊಳೀರೋ, ಸಾಲು ನಿಂತಿದೆ," ಎಂದು ಹುಡುಗರಿಗೆ ಹೇಳಿ ನೀಲಿ ಗಾಡಿ ಉಜ್ಜತೊಡಗಿದ. ಬಾಗಿಲು, ಚಕ್ರ, ಹಿಂಬದಿಯ ಹಲಗೆ ಎಲ್ಲ ಉಜ್ಜಿದ. ಮುದುಕನ ಮುಖ ಕಾಣುವ ಗಾಜನ್ನು ಮಾತ್ರ ಟೀನೋಗೆ ಬಿಟ್ಟ.

ನಾನು ಅಂಗಿ ಎತ್ತಿಕೊಂಡು ಮನೆಗೆ ಓಡಿದೆ. ಅದನ್ನು ಸೋಪು ಹಾಕಿ ಒಗೆದು ಹಿಂಡಿ, ಇಸ್ತ್ರಿಪೆಟ್ಟಿಗೆ ಕಾಯಲು ಬಿಟ್ಟು, ಮಾತೆಯ ಮುಂದಿನ ಡಬ್ಬಿ ತೆಗೆದೆ. ಬತ್ತಿಗಳ ಕೆಳಗೆ, ನೋಯೆಯ ಫುಟ್‌ಬಾಲ್ ಕಾಲುಚೀಲದೊಳಗೆ, ಅದು ಭಾರವಾಗಿ ಮಲಗಿತ್ತು. ಮುಚ್ಚಳ ಹಾಕಿದೆ. ಮಾತೆಯ ಮುಖ ನೋಡುವ ಧೈರ್ಯವಾಗಲಿಲ್ಲ.

ಅಂಗಿಯ ಕಾಲರಿಗೆ ಇಸ್ತ್ರಿ ಒತ್ತುವಾಗ ಎಫ್ರೇನ್ ಬಂದ. ದಿನಾ ಕೂರುವ ಕುರ್ಚಿ ಖಾಲಿಯಿತ್ತು. ಬಾಗಿಲಲ್ಲೇ ನಿಂತ.

"ತಪ್ಪಾಯ್ತು ಕಣೋ ಮಗನೇ."

"ಒಂದೂಮುಕ್ಕಾಲು ಆಯ್ತು ಚಿಕ್ಕಮ್ಮ."

ಬಿಸಿಯಾರದ ಅಂಗಿ ಮಡಿಸಿ ತಂದೆ. ಅವನು ಕಿತ್ತ ಜಿಪ್ಪಿನ ಚೀಲವನ್ನು ಎರಡೂ ಕೈಯಲ್ಲಿ ಅಗಲಿಸಿ, ದಿನಾ ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ಹಿಡಿಯುವ ಹಾಗೆ, ನನ್ನ ಮುಖದ ಕೆಳಗೆ ಹಿಡಿದ. ಅಂಗಿ ಇಡಲು ಹೋದರೆ ತಡೆದ.

"ನೋಡ್ಕೋ," ಎಂದ. "ಮೊದ್ಲು ಒಳಗೆ ನೋಡ್ಕೋ."